ನಂಜನಗೂಡಿನ ಪ್ರವಾಹಗಳು

ಮೈಸೂರು ಜಿಲ್ಲೆಯ ನಂಜನಗೂಡು ಪಟ್ಟಣದಲ್ಲಿ ಕಪಿಲಾ ನದಿಯು ಉಕ್ಕಿ ಹರಿದಾಗ ಉಂಟಾಗುವ ನೆರೆಯನ್ನು ನಂಜನಗೂಡಿನ ಪ್ರವಾಹ ಎಂದು ಕರೆಯಲಾಗುತ್ತದೆ. ಕಪಿಲೆಗೆ ಕಬಿನಿ ಎಂಬ ಹೆಸರೂ ಇದೆ. 2018 ಮತ್ತು 2019ರ ಮಳೆಗಾಲಗಳಲ್ಲಿ ಪಟ್ಟಣವು ಸತತವಾಗಿ ಜಲಾವೃತವಾಯಿತು. ಮೈಸೂರಿನಿಂದ ಗುಂಡ್ಲುಪೇಟೆ ಮತ್ತು ಚಾಮರಾಜನಗರಕ್ಕೆ ಹೋಗುವ ಮುಖ್ಯ ರಸ್ತೆ ಈ ಪಟ್ಟಣದ ಮೂಲಕವೇ ಸಾಗುವುದರಿಂದ, ಇಲ್ಲಿನ ನೆರೆಯ ಪರಿಣಾಮ ನೆರೆಯ ಜಿಲ್ಲೆಗೂ ತಟ್ಟುತ್ತದೆ.

ಭೌಗೋಳಿಕ ಹಿನ್ನೆಲೆ

ಕಪಿಲಾ ನದಿಯ ಜಲಾನಯನ ಪ್ರದೇಶದ ಮುಖ್ಯ ಭಾಗವು ಕೇರಳದ ವಯನಾಡಿನಲ್ಲಿದೆ. ಕರ್ನಾಟಕವನ್ನು ಪ್ರವೇಶಿಸಿದ ನದಿಗೆ ಹೆಗ್ಗಡದೇವನಕೋಟೆ ಭಾಗದಲ್ಲಿ ಕಬಿನಿ ಅಣೆಕಟ್ಟನ್ನು ಕಟ್ಟಲಾಗಿದ್ದು, ಅದು 1974ರಲ್ಲಿ ಪೂರ್ಣಗೊಂಡಿತು. ಅಣೆಕಟ್ಟಿನ ಕೆಳಗೆ ನುಗು ನದಿಯೂ, ನಂಜನಗೂಡಿನಲ್ಲಿ ಗುಂಡ್ಲುಪೇಟೆಯ ಕಡೆಯಿಂದ ಬರುವ ಗುಂಡ್ಲು ಹೊಳೆಯೂ ಕಪಿಲೆಯನ್ನು ಸೇರುತ್ತವೆ. ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯು ಕಾವೇರಿಯೊಡನೆ ಸಂಗಮಿಸುತ್ತದೆ.

ಕಾರಣಗಳು

ನಂಜನಗೂಡಿನಲ್ಲಿ ಮಳೆಯಿಲ್ಲದ ದಿನವೂ ನೆರೆ ಬರಬಹುದು. ವಯನಾಡಿನಲ್ಲಿ ಸುರಿದ ಮಳೆಯೇ ಇದಕ್ಕೆ ಮುಖ್ಯ ಕಾರಣ. ಕಬಿನಿ ಜಲಾಶಯದ ಒಟ್ಟು ಸಾಮರ್ಥ್ಯ 19.52 ಟಿಎಂಸಿ ಅಡಿ. ಇದು ಕೃಷ್ಣರಾಜಸಾಗರದ ಸಾಮರ್ಥ್ಯದ ಅರ್ಧಕ್ಕಿಂತಲೂ ಕಡಿಮೆ. ಒಳಹರಿವು ಲಕ್ಷ ಕ್ಯೂಸೆಕ್‌ನಷ್ಟಿದ್ದರೆ ಒಂದು ದಿನಕ್ಕೆ ಸುಮಾರು 8.64 ಟಿಎಂಸಿ ಅಡಿ ನೀರು ಬಂದಂತಾಗುತ್ತದೆ; ಎಂದರೆ ಬರಿದಾದ ಜಲಾಶಯವೂ ಎರಡೂಕಾಲು ದಿನಗಳಲ್ಲಿ ತುಂಬುತ್ತದೆ. ಮಳೆಗಾಲದ ನಡುವೆ ಜಲಾಶಯ ಬಹುಮಟ್ಟಿಗೆ ತುಂಬಿಯೇ ಇರುವುದರಿಂದ, ಬಂದ ನೀರನ್ನು ಹಾಗೆಯೇ ನದಿಗೆ ಬಿಡಬೇಕಾಗುತ್ತದೆ. ನದಿಯಂಚಿನ ತಗ್ಗು ಬಡಾವಣೆಗಳಲ್ಲಿ ಜನವಸತಿ ದಟ್ಟವಾಗಿರುವುದು ಹಾನಿಯನ್ನು ಹೆಚ್ಚಿಸುತ್ತದೆ.

2018 ಮತ್ತು 2019ರ ಪ್ರವಾಹಗಳು

2018ರಲ್ಲಿ ಕೇರಳವನ್ನು ತಲ್ಲಣಗೊಳಿಸಿದ ಮಳೆಯ ಸಂದರ್ಭದಲ್ಲಿ ಕಪಿಲೆಯೂ ಉಕ್ಕಿ ಹರಿಯಿತು. 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರನ್ನು ಹೊರಬಿಡಲಾಯಿತು. ಶ್ರೀಕಂಠೇಶ್ವರ ದೇವಾಲಯದ ಸಮೀಪದ ಸ್ನಾನಘಟ್ಟ, ಹದಿನಾರು ಕಾಲು ಮಂಟಪ ಹಾಗೂ ಪರಶುರಾಮ ದೇವಾಲಯದ ಆವರಣ ಮುಳುಗಿದವು. ಹಳ್ಳದಕೇರಿ, ತೋಪಿನ ಬೀದಿ, ಒಕ್ಕಲಗೇರಿ ಮುಂತಾದ ತಗ್ಗು ಪ್ರದೇಶಗಳ ಮನೆಗಳಿಗೆ ನೀರು ನುಗ್ಗಿತು. ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆ ನೀರು ಹರಿದು ಸಂಚಾರ ಸ್ಥಗಿತಗೊಂಡಿತು.

ಮುನ್ನೆಚ್ಚರಿಕೆ ಮತ್ತು ಸಮುದಾಯದ ಪಾತ್ರ

ಅಣೆಕಟ್ಟಿನಿಂದ ಬಿಟ್ಟ ನೀರು ಪಟ್ಟಣವನ್ನು ತಲುಪಲು ಕೆಲವು ಗಂಟೆಗಳು ಬೇಕು. ಜೀವ ಉಳಿಸುವ ಕಾಲಾವಕಾಶ ಇದೇ. ಹೊರಹರಿವು ಹೆಚ್ಚಿದಾಗ ನದಿಪಾತ್ರದ ಜನರಿಗೆ ಎಚ್ಚರಿಕೆ ನೀಡಿ, ನದಿಯಲ್ಲಿ ಸ್ನಾನವನ್ನು ನಿಷೇಧಿಸಿ, ಪರಿಹಾರ ಕೇಂದ್ರಗಳನ್ನು ತೆರೆಯಲಾಗುತ್ತದೆ. ಆದರೆ ಕ್ಯೂಸೆಕ್ ಲೆಕ್ಕವು ಜನಸಾಮಾನ್ಯರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಯಾವ ಪ್ರಮಾಣಕ್ಕೆ ಯಾವ ಬೀದಿಯವರೆಗೆ ನೀರು ಬರುತ್ತದೆಂಬುದನ್ನು ಹಿಂದಿನ ನೆರೆಯ ಗುರುತುಗಳಿಂದ ಅರಿತವರು ಹೊತ್ತಿಗೆ ಮುಂಚೆಯೇ ವೃದ್ಧರು, ಮಕ್ಕಳು, ಜಾನುವಾರುಗಳೊಂದಿಗೆ ಎತ್ತರದ ಸ್ಥಳಕ್ಕೆ ಹೋಗಬಲ್ಲರು. ಪಡಿತರ ಚೀಟಿ, ಆಧಾರ್, ಮನೆಯ ಹಕ್ಕುಪತ್ರಗಳನ್ನು ಜೊತೆಗೆ ಒಯ್ಯುವುದು ಅಗತ್ಯ. ಪರಿಹಾರ ಪಡೆಯಲು ಇಂತಹ ದಾಖಲೆಗಳು ಬೇಕಾಗುತ್ತವೆ.

ಚೇತರಿಕೆ ಮತ್ತು ಪುನರ್ವಸತಿ

ನೀರು ಇಳಿದೊಡನೆ ಅಪಾಯ ಮುಗಿಯುವುದಿಲ್ಲ. ನೆನೆದ ಮಣ್ಣಿನ ಗೋಡೆಗಳು ದಿನಗಳ ನಂತರವೂ ಕುಸಿಯಬಹುದು. ಕೆಸರು ತೆಗೆಯುವುದು, ಕುಡಿಯುವ ನೀರಿನ ಮೂಲಗಳನ್ನು ಶುದ್ಧಗೊಳಿಸುವುದು, ವಿದ್ಯುತ್ ಸಂಪರ್ಕವನ್ನು ಪರೀಕ್ಷಿಸುವುದು ಮೊದಲ ಹಂತದ ಕೆಲಸಗಳು. 2019ರ ನೆರೆಯ ನಂತರ ರಾಜ್ಯ ಸರ್ಕಾರವು ಸಂತ್ರಸ್ತ ಕುಟುಂಬಗಳಿಗೆ ತುರ್ತು ಪರಿಹಾರವಾಗಿ 10,000 ರೂಪಾಯಿ ಹಾಗೂ ಪೂರ್ಣ ಹಾನಿಗೊಂಡ ಮನೆಗಳ ನಿರ್ಮಾಣಕ್ಕೆ 5 ಲಕ್ಷ ರೂಪಾಯಿ ಘೋಷಿಸಿತು.

ಶಾಶ್ವತ ಸ್ಥಳಾಂತರವು ಹೆಚ್ಚು ಜಟಿಲವಾದ ಪ್ರಶ್ನೆ. ಹೂವು, ಹಣ್ಣುಕಾಯಿ ಮಾರಿ ಬದುಕುವವರಿಗೆ ದೇವಾಲಯದ ಸಾಮೀಪ್ಯವೇ ಜೀವನೋಪಾಯ. ಎತ್ತರದಲ್ಲಿ ನಿವೇಶನ ದೊರೆತರೂ ದುಡಿಮೆ ನದಿದಂಡೆಯಲ್ಲೇ ಉಳಿದರೆ, ಜನ ಮರಳಿ ಅಲ್ಲಿಗೇ ಬರುವ ಸಂಭವವಿರುತ್ತದೆ. ಆದ್ದರಿಂದ ಮನೆಯ ಜೊತೆಗೆ ದುಡಿಮೆ, ಶಾಲೆ ಮತ್ತು ಸಾರಿಗೆಯನ್ನೂ ಒಳಗೊಂಡ ಪುನರ್ವಸತಿ ಮಾತ್ರ ಬಾಳಿಕೆ ಬರುತ್ತದೆ.