ನಿಮಗಿದು ಗೊತ್ತೆ? ಬದುವಿನ ಹೊಂಗೆಯಲ್ಲಿದೆ ಡೀಸೆಲ್!

ಯುಗಾದಿ ಹೊತ್ತಿಗೆ ಎಳೆಚಿಗುರು ಹೊದ್ದು ನಿಲ್ಲುವ ಹೊಂಗೆ ಬರೀ ನೆರಳಿನ ಮರವಲ್ಲ. ಅದರ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಎಣ್ಣೆ. ಕಹಿಯಾದ್ದರಿಂದ ಅಡುಗೆಗೆ ಬಾರದು. ಹಿಂದೆ ಹಳ್ಳಿಗಳಲ್ಲಿ ದೀಪಕ್ಕೆ ಹಾಕುತ್ತಿದ್ದರು. ಇಂಧನಕ್ಕೆ ಬಳಸಿದರೆ ಯಾರ ಊಟಕ್ಕೂ ಕುತ್ತಿಲ್ಲ.

ಎಣ್ಣೆ ಡೀಸೆಲ್ ಆಗುವುದು ಹೇಗೆ? ಮೊದಲು ಅದರ ಆಮ್ಲದ ಅಂಶ ತಗ್ಗಿಸಬೇಕು. ಬಳಿಕ ಮೆಥನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾ ಬೆರೆಸಿ, ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕಲಕುತ್ತಾರೆ. ಕಲಕುವುದು ನಿಂತ ಮೇಲೆ ಕಂದು ಬಣ್ಣದ ಮಂದ ಗ್ಲಿಸರಿನ್ ತಳಕ್ಕಿಳಿಯುತ್ತದೆ. ಮೇಲೆ ನಿಲ್ಲುವ ತಿಳಿಯೇ ಬಯೋಡೀಸೆಲ್. ತೊಳೆದು, ನೀರಿನಂಶ ತೆಗೆದರೆ ಎಂಜಿನ್‌ಗೆ ಸಿದ್ಧ. ಗಾಣದಲ್ಲಿ ಉಳಿದ ಹಿಂಡಿ ಹೊಲಕ್ಕೆ ಒಳ್ಳೆಯ ಗೊಬ್ಬರ.

ಆದರೆ 2003ರಲ್ಲಿ ಯೋಜನಾ ಆಯೋಗದ ಸಮಿತಿ ಬಯೋಡೀಸೆಲ್‌ಗಾಗಿ ನೆಚ್ಚಿಕೊಂಡಿದ್ದು ಜತ್ರೋಫಾ ಗಿಡವನ್ನು. ನೀರು, ಗೊಬ್ಬರವಿಲ್ಲದ ಬರಡು ನೆಲದಲ್ಲಿ ಅದು ನಿರೀಕ್ಷೆಯಷ್ಟು ಇಳುವರಿ ಕೊಡಲಿಲ್ಲ. ನಷ್ಟ ಅನುಭವಿಸಿದವರು ರೈತರು. ಹೊಂಗೆ ಕಾಯಿಗೂ ಕೆಲವು ವರ್ಷ ಕಾಯಬೇಕು, ನಿಜ. ಆದರೆ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುತ್ತದೆ, ಸೊಪ್ಪು ಗದ್ದೆಗೆ ಗೊಬ್ಬರವಾಗುತ್ತದೆ.

ಇಂಥ ಇಂಧನಕ್ಕೆಂದೇ ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಆರಂಭಿಸಿದ ಜೈವಿಕ ಇಂಧನ ಉದ್ಯಾನವಿದೆ. 2030ಕ್ಕೆ ಡೀಸೆಲ್‌ನಲ್ಲಿ ಶೇ 5ರಷ್ಟು ಬಯೋಡೀಸೆಲ್ ಬೆರೆಸುವುದು ದೇಶದ ಗುರಿ. ಅದಕ್ಕೆಂದು ಇಡೀ ಹೊಲ ಬಿಟ್ಟುಕೊಡುವುದು ಬೇಡ; ಬದುವಿನಲ್ಲಿ ನಾಲ್ಕು ಹೊಂಗೆ ಸಸಿ ನೆಡಿ.