ಗಾಳಿ ಬಂದಾಗ ತೂರಿಕೊಳ್ಳುವ ಪೆಟ್ಟಿಗೆ

ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್ಟು, ಮಗಳ ಮದುವೆಯ ಫೋಟೊ ಇವೆಲ್ಲ ಕೊನೆಗೆ ಎಲ್ಲಿ ಕೂತಿರುತ್ತವೆ? ‘ಎಲ್ಲೋ ಕ್ಲೌಡ್‌ನಲ್ಲಿ’ ಎಂದು ಈಗ ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ಈ ಮೋಡ ಇರುವುದು ಆಕಾಶದಲ್ಲಲ್ಲ, ನೆಲದ ಮೇಲಿನ ದೊಡ್ಡ ಕಟ್ಟಡಗಳಲ್ಲಿ. ಅಲ್ಲಿ ಸಾಲುಸಾಲಾಗಿ ಜೋಡಿಸಿಟ್ಟ ಹಾರ್ಡ್ ಡಿಸ್ಕ್ ಎಂಬ ಲೋಹದ ಪೆಟ್ಟಿಗೆಗಳು ಇಂದಿಗೂ ನಮ್ಮ ನೆನಪಿನ ದೊಡ್ಡ ಪಾಲನ್ನು ಹೊತ್ತಿವೆ. ಈ ಪೆಟ್ಟಿಗೆಯ ಪರಮ ವೈರಿ ಧೂಳು. ಆ ವೈರಿಯನ್ನು ಹಿಡಿಯುವ ಕಾವಲುಗಾರ ಗಾಳಿ.

ಪೆಟ್ಟಿಗೆಯೊಳಗೆ ಕನ್ನಡಿಯಷ್ಟು ನುಣುಪಾದ ತಟ್ಟೆಗಳು ತಿರುಗುತ್ತಿರುತ್ತವೆ. ಮೇಜಿನ ಕಂಪ್ಯೂಟರಿನ ಸಾಮಾನ್ಯ ಡಿಸ್ಕ್‌ನಲ್ಲಿ ತಟ್ಟೆ ನಿಮಿಷಕ್ಕೆ 7200 ಸುತ್ತು ಹಾಕುತ್ತದೆ. ಅಂದರೆ ಅದರ ಅಂಚು ಗಂಟೆಗೆ ಸುಮಾರು 130 ಕಿಲೊಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ತಟ್ಟೆಯ ಮೇಲಿನ ಕಾಂತೀಯ ಗುರುತುಗಳನ್ನು ಓದುವ, ಬರೆಯುವ ‘ಹೆಡ್’ ಎಂಬ ಪುಟ್ಟ ಭಾಗ ಒಂದು ತೋಳಿನ ತುದಿಯಲ್ಲಿದೆ. ಅದು ತಟ್ಟೆಯನ್ನು ಮುಟ್ಟುವುದಿಲ್ಲ, ಅದರ ಮೇಲೆ ತೇಲುತ್ತದೆ. ಇಂದಿನ ಡಿಸ್ಕ್‌ಗಳಲ್ಲಿ ಎರಡರ ನಡುವಿನ ಸಂದಿ ಕೆಲವೇ ನ್ಯಾನೊಮೀಟರ್. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಬೀಡಿಯ ಹೊಗೆಯ ಒಂದು ಕಣವೂ ಈ ಸಂದಿಗಿಂತ ಹತ್ತಾರು ಪಟ್ಟು ದಪ್ಪ. ತಲೆಗೂದಲಂತೂ ಅದರ ಮುಂದೆ ಬೆಟ್ಟವೇ ಸರಿ.

ಅಂಥ ಕಣವೊಂದು ದಾರಿಗೆ ಅಡ್ಡ ಬಂದರೆ ಏನಾದೀತು? ಹೆಡ್ಡು ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ತಿಕ್ಕಾಟದ ಬಿಸಿಗೆ ಅದು ಅರೆಕ್ಷಣ ತಪ್ಪು ಓದುತ್ತದೆ. ಕಣ ಗಟ್ಟಿಯಾಗಿದ್ದರೆ ತಟ್ಟೆಯ ಲೇಪ ಗೀಚಿಹೋಗುತ್ತದೆ. ಗೀಚಿದಾಗ ಎದ್ದ ಪುಡಿಯೇ ಹೊಸ ಧೂಳಾಗಿ ಇನ್ನಷ್ಟು ಗೀರು ಮೂಡುತ್ತದೆ. ಲೇಪ ಕಿತ್ತುಹೋದ ಜಾಗದಲ್ಲಿದ್ದ ಫೋಟೊ ಮತ್ತೆ ಸಿಗುವುದಿಲ್ಲ.

ಹಾಗಾದರೆ ಒಳಗಿನ ಗಾಳಿಯನ್ನೇ ಹೀರಿ ತೆಗೆದುಬಿಡಬಾರದೇಕೆ ಎಂದು ನೀವು ಕೇಳಬಹುದು. ಹೆಡ್ಡನ್ನು ಎತ್ತಿ ಹಿಡಿದಿರುವುದೇ ಆ ಗಾಳಿ! ತಿರುಗುವ ತಟ್ಟೆ ತನ್ನ ಜೊತೆಗೆ ಗಾಳಿಯ ಪದರವೊಂದನ್ನು ಎಳೆದೊಯ್ಯುತ್ತದೆ. ಹೆಡ್ಡಿನ ಅಡಿಗೆ ನುಗ್ಗುವ ಆ ಪದರವೇ ಮೆತ್ತೆಯಂತೆ ಕೆಲಸ ಮಾಡುತ್ತದೆ. ಸಾಮಾನ್ಯ ಡಿಸ್ಕ್‌ಗಳನ್ನು ಸುಮಾರು 3000 ಮೀಟರಿಗಿಂತ ಎತ್ತರದ ಊರುಗಳಲ್ಲಿ ಬಳಸಬಾರದು ಎಂದು ತಯಾರಕರು ಹೇಳುವುದು ಇದಕ್ಕೇ. ಅಲ್ಲಿನ ತೆಳು ಗಾಳಿಯಲ್ಲಿ ಮೆತ್ತೆಯೂ ತೆಳುವಾಗುತ್ತದೆ.

ಈ ಪಾಠ ಒಂದೇ ದಿನದಲ್ಲಿ ಕಲಿತದ್ದಲ್ಲ. 1956ರಲ್ಲಿ ಅಮೆರಿಕದ ಐಬಿಎಂ ಕಂಪನಿ ‘ರಾಮ್ಯಾಕ್’ ಎಂಬ ಮೊದಲ ಡಿಸ್ಕ್ ಯಂತ್ರವನ್ನು ಹೊರತಂದಿತು. ಅದರಲ್ಲಿ ಎರಡು ಅಡಿ ಅಗಲದ 50 ತಟ್ಟೆಗಳಿದ್ದವು. ಹಿಡಿಸುತ್ತಿದ್ದದ್ದು ಮಾತ್ರ 50 ಲಕ್ಷ ಅಕ್ಷರ. ಅದನ್ನು ರೂಪಿಸುವಾಗ ತಟ್ಟೆಗೆ ಬಳಿಯುವ ಬಣ್ಣದಿಂದ ಗಂಟುಗಳನ್ನು ಬೇರ್ಪಡಿಸಲು ಹೆಂಗಸರು ತೊಡುವ ತೆಳು ಕಾಲುಚೀಲದಲ್ಲಿ ಸೋಸಿದ್ದರಂತೆ! ಹೆಡ್ಡನ್ನು ತಟ್ಟೆಯಿಂದ ದೂರವಿಡಲು ಕಂಪ್ರೆಸರ್‌ನಿಂದ ಗಾಳಿ ಊದಬೇಕಿತ್ತು. ತಟ್ಟೆ ತಾನೇ ಎಬ್ಬಿಸುವ ಗಾಳಿಯಲ್ಲಿ ಹೆಡ್ಡು ತೇಲುವ ಯಂತ್ರ ಬಂದದ್ದು ಆಮೇಲೆ, 1961ರಲ್ಲಿ.

ಮರುವರ್ಷ ತಟ್ಟೆಗಳ ಕಟ್ಟನ್ನು ಯಂತ್ರದಿಂದ ಹೊರತೆಗೆದು ಬದಲಿಸುವ ಸೌಲಭ್ಯ ಬಂತು. ಅನುಕೂಲವೇನೋ ಆಯಿತು, ಆದರೆ ಪ್ರತಿ ಸಲ ಮುಚ್ಚಳ ತೆರೆದಾಗಲೂ ಧೂಳಿಗೆ ಬಾಗಿಲು ತೆರೆದಂತಾಯಿತು. ಆ ಕಾಲದ ಕೆಲವು ಯಂತ್ರಗಳಲ್ಲಿ ಹೆಡ್ಡು ಇಳಿಯುವ ಮೊದಲು ಪುಟ್ಟ ಬ್ರಷ್ಷುಗಳು ತಟ್ಟೆಗಳನ್ನು ಒಮ್ಮೆ ಗುಡಿಸುತ್ತಿದ್ದವು. ಅಂಗಳ ಗುಡಿಸಿ ನೆಂಟರನ್ನು ಬರಮಾಡಿಕೊಂಡ ಹಾಗೆ. 1973ರಲ್ಲಿ ಐಬಿಎಂ ತನ್ನ ‘ವಿಂಚೆಸ್ಟರ್’ ಮಾದರಿಯಲ್ಲಿ ತಟ್ಟೆ, ತೋಳು, ಹೆಡ್ಡು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮುಚ್ಚಿತು. ಇಂದಿನ ಹಾರ್ಡ್ ಡಿಸ್ಕ್‌ಗಳೆಲ್ಲ ಆ ಮನೆತನದವೇ.

ಮುಚ್ಚಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಜೋಡಿಸುವಾಗ ಉಳಿದ, ಭಾಗಗಳು ಸವೆದು ಉದುರಿದ ಕಣಗಳು ಒಳಗೇ ಇರುತ್ತವೆ. ಕಣದಲ್ಲಿ ರಾಗಿ ತೂರುವ ರೈತನ ಉಪಾಯವೇ ಇಲ್ಲಿ ನೆರವಿಗೆ ಬಂತು. ತಟ್ಟೆ ತಿರುಗಿದಾಗ ಗಾಳಿ ನಡುವಿನಿಂದ ಅಂಚಿನತ್ತ ಚಿಮ್ಮಿ, ಪೆಟ್ಟಿಗೆಯ ಗೋಡೆಗುಂಟ ಸುತ್ತುತ್ತದೆ. ಅದರ ದಾರಿಯಲ್ಲಿ ಒಂದು ಮೂಲೆಗೆ ಬೆರಳಗಲದ ಸೋಸುಬಟ್ಟೆಯನ್ನು ನಿಲ್ಲಿಸುತ್ತಾರೆ. ಒಂದೇ ಗಾಳಿ ಸಾವಿರಾರು ಸಲ ಅದರ ಮೂಲಕ ಹಾಯುತ್ತದೆ, ಪ್ರತಿ ಸಲವೂ ಒಂದಿಷ್ಟು ಕಣ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬೇರೆ ಫ್ಯಾನು ಬೇಡ, ಬೇರೆ ಮೋಟಾರೂ ಬೇಡ.

ಇನ್ನೊಂದು ತೊಡಕಿತ್ತು. ಓಡುವ ಡಿಸ್ಕ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ, ನಿಂತಾಗ ಕುಗ್ಗುತ್ತದೆ. ಒಳಗೂ ಹೊರಗೂ ಒತ್ತಡ ಸಮವಾಗಿರಲೆಂದು ಪೆಟ್ಟಿಗೆಗೆ ಉಸಿರಾಡಲು ಒಂದು ಸಣ್ಣ ರಂಧ್ರ ಕೊಟ್ಟರು, ಅದರ ಬಾಯಿಗೂ ಒಂದು ಸೋಸುಬಟ್ಟೆ ಕಟ್ಟಿದರು. ತಿರುಗುವ ತಟ್ಟೆಯ ನಡುಭಾಗದಲ್ಲಿ ಒತ್ತಡ ಕಡಿಮೆ. ಹೊರಗಾಳಿ ಅಲ್ಲಿನ ಬಿರುಕಿನಿಂದ ಕಳ್ಳನಂತೆ ನುಗ್ಗದೆ ಸೋಸಿದ ಬಾಗಿಲಿನಿಂದಲೇ ಬರಬೇಕು. ರಂಧ್ರವನ್ನು ಎಲ್ಲಿಡಬೇಕೆಂಬ ಲೆಕ್ಕಾಚಾರದ ಗುಟ್ಟು ಇದೇ. ‘ಈ ರಂಧ್ರ ಮುಚ್ಚಬೇಡಿ’ ಎಂದು ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿರುವುದನ್ನು ಕೆಲವರಾದರೂ ನೋಡಿರಬಹುದು.

ಆದರೆ ಗಾಳಿ ಹದ್ದು ಮೀರಿದರೂ ಕಷ್ಟ. ಸುಳಿಗಾಳಿ ಎದ್ದರೆ ತೋಳು ನಡುಗಿ ಹೆಡ್ಡು ಗೆರೆ ತಪ್ಪುತ್ತದೆ. ಅದಕ್ಕಾಗಿ ತಟ್ಟೆಯ ಅಂಚಿಗೆ ಒತ್ತಾಗಿ ಗೋಡೆ ಕಟ್ಟಿ, ತೋಳಿನ ಬಳಿ ತಡೆಗಳನ್ನಿಟ್ಟು ಗಾಳಿಯನ್ನು ಪಳಗಿಸುತ್ತಾರೆ. 2013ರಲ್ಲಿ ಎಚ್‌ಜಿಎಸ್‌ಟಿ ಕಂಪನಿ ಗಾಳಿಯ ಬದಲು ಹೀಲಿಯಂ ತುಂಬಿ ಪೂರ್ತಿ ಬೆಸೆದ ಡಿಸ್ಕನ್ನು ಮಾರುಕಟ್ಟೆಗೆ ತಂದಿತು. ಹೀಲಿಯಂ ಗಾಳಿಗಿಂತ ಏಳು ಪಟ್ಟು ಹಗುರ. ಹಾಗಾಗಿ ನಡುಕವೂ ಕಡಿಮೆ, ವಿದ್ಯುತ್ತಿನ ಖರ್ಚೂ ಕಡಿಮೆ. ಅಂಥ ಪೆಟ್ಟಿಗೆಗೆ ಉಸಿರಿನ ರಂಧ್ರವೇ ಇಲ್ಲ.

ಕೆಟ್ಟ ಡಿಸ್ಕನ್ನು ಮನೆಯಲ್ಲೇ ಬಿಚ್ಚಿ ನೋಡುವ ಕುತೂಹಲ ಹಲವರಿಗೆ. ಒಳಗಿನ ಫೋಟೊ, ಪತ್ರ ಬೇಕಿದ್ದರೆ ಆ ಸಾಹಸ ಬೇಡ. ಧೂಳಿಲ್ಲದ ಕೋಣೆಯಲ್ಲಿ ಅದನ್ನು ತೆರೆಯುವ ಪರಿಣತರಿದ್ದಾರೆ. ಅದಕ್ಕಿಂತ ಮೊದಲೇ ಬೇರೊಂದು ಕಡೆ ಪ್ರತಿಯಿಟ್ಟಿರುವುದು ಇನ್ನೂ ಕ್ಷೇಮ. ಎಷ್ಟು ಸೋಸಿದರೂ ಕಣ್ಣಿಗೆ ಕಾಣದ ಕಣವೊಂದು ಉಳಿದೇ ಇರುತ್ತದೆ.