ತಲೆಗಿಂತ ಮುಂದೆ ಕ್ಯಾಮರಾ

ಗೋಡೆಯ ತಿರುವಿನಾಚೆ ಏನಿದೆಯೆಂದು ತಿಳಿಯಲು ನಾವು ಇಣುಕಿ ನೋಡುತ್ತೇವೆ. ಬೆಳಕು ಸರಳರೇಖೆಯಲ್ಲಿ ಚಲಿಸುವುದರಿಂದ ಕಣ್ಣು ಅಲ್ಲಿಗೆ ಹೋಗಲೇಬೇಕು; ಕಣ್ಣಿನ ಜೊತೆ ತಲೆಯೂ ಹೋಗುತ್ತದೆ. ಶತ್ರು ಅಡಗಿರುವ ಕಟ್ಟಡವನ್ನು ಶೋಧಿಸುವ ಸೈನಿಕನಿಗೆ ಈ ಒಂದು ಇಣುಕುನೋಟವೇ ಪ್ರಾಣಾಂತಿಕವಾಗಬಹುದು.

ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಇದಕ್ಕೆ ಉತ್ತರವಾಗಿ ಬಂದದ್ದು ಪೆರಿಸ್ಕೋಪ್. ಕೊಳವೆಯ ಎರಡು ತುದಿಗಳಲ್ಲಿ 45 ಡಿಗ್ರಿ ಓರೆಯಾಗಿ ಕೂರಿಸಿದ ಕನ್ನಡಿಗಳು ಮೇಲಿನ ದೃಶ್ಯವನ್ನು ಕೆಳಗೆ ತಲುಪಿಸುತ್ತವೆ. 1915ರಲ್ಲಿ ಗ್ಯಾಲಿಪೊಲಿಯಲ್ಲಿ ಆಸ್ಟ್ರೇಲಿಯಾದ ಸೈನಿಕರು ಬಂದೂಕಿಗೂ ಇದನ್ನು ಅಳವಡಿಸಿದ್ದರು. ಆದರೆ ಕತ್ತಲೆಯಲ್ಲಿ ಕನ್ನಡಿ ಏನನ್ನೂ ತೋರಿಸದು.

ಆ ಕೊರತೆಯ ಬೆಲೆ ವಿಯೆಟ್ನಾಮಿನಲ್ಲಿ ತಿಳಿಯಿತು. 1966ರ ಜನವರಿಯಲ್ಲಿ ಕು ಚಿ ಪ್ರದೇಶದಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯಾದ ಪಡೆಗಳಿಗೆ ನೆಲದಡಿಯ ಸುರಂಗಜಾಲ ಎದುರಾಯಿತು. ಸಣ್ಣ ಮೈಕಟ್ಟಿನ ಸೈನಿಕರು ಪಿಸ್ತೂಲು, ಟಾರ್ಚು ಹಿಡಿದು ತೆವಳುತ್ತ ಒಳಗೆ ಹೋಗಬೇಕಾಯಿತು. ಟಾರ್ಚು ಅವರಿಗೆ ದಾರಿ ತೋರಿಸುತ್ತಿತ್ತು. ಶತ್ರುವಿಗೆ ಅವರನ್ನೂ ತೋರಿಸುತ್ತಿತ್ತು.

ಅಂದಿನ ಟೆಲಿವಿಷನ್ ಕ್ಯಾಮರಾದೊಳಗೆ ಗಾಜಿನ ನಿರ್ವಾತ ನಳಿಕೆ ಇರುತ್ತಿತ್ತು. ಅದನ್ನು ಕೋಲಿಗೆ ಕಟ್ಟಿ ಬಿಲದೊಳಗೆ ತೂರಿಸುವ ಮಾತೇ ಇರಲಿಲ್ಲ. 1969ರಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿಯನ್ನು ರೂಪಿಸಿದರು. ಬೆಳಕನ್ನು ವಿದ್ಯುದಾವೇಶವಾಗಿಸುವ ಈ ಸಿಲಿಕಾನ್ ಬಿಲ್ಲೆಯೂ ಅದರ ನಂತರದ ಬಿಲ್ಲೆಗಳೂ ಕ್ಯಾಮರಾವನ್ನು ಬೆರಳ ತುದಿಯಷ್ಟಾಗಿಸಿದವು.

ಇಂದಿನ ಕೋಲು-ಕ್ಯಾಮರಾ ಸರಳ ಸಾಧನ. ಒಂದರೊಳಗೊಂದು ಸೇರಿಕೊಳ್ಳುವ ಹಗುರವಾದ ಕೊಳವೆಗಳು, ತುದಿಯಲ್ಲಿ ಕ್ಯಾಮರಾ, ಕೈಯ ಬಳಿ ಪುಟ್ಟ ಪರದೆ. ಸೈನಿಕ ಗೋಡೆಯ ಮರೆಯಲ್ಲೇ ನಿಂತು ಕೊಠಡಿ, ಅಟ್ಟ, ಬಾವಿಗಳನ್ನು ನೋಡಬಲ್ಲ. ನಮ್ಮ ಕಣ್ಣಿಗೆ ಸುಮಾರು 700 ನ್ಯಾನೊಮೀಟರ್ ತರಂಗಾಂತರದವರೆಗಿನ ಬೆಳಕು ಕಾಣುತ್ತದೆ. ಸಿಲಿಕಾನ್ ಬಿಲ್ಲೆ 850 ನ್ಯಾನೊಮೀಟರಿನ ಅವಕೆಂಪು ಬೆಳಕನ್ನೂ ಗ್ರಹಿಸುತ್ತದೆ. ಹೀಗಾಗಿ ಬರಿಗಣ್ಣಿಗೆ ಹೆಚ್ಚುಕಡಿಮೆ ಕಾಣದ ದೀಪದಲ್ಲೇ ಶೋಧ ಸಾಧ್ಯ. ಎದುರಾಳಿಯ ಬಳಿ ರಾತ್ರಿದೃಷ್ಟಿ ಉಪಕರಣವಿದ್ದರೆ ಮಾತ್ರ ಈ ಗುಟ್ಟು ಉಳಿಯದು.

ಕೋಲು ಉದ್ದವಾದಷ್ಟೂ ಒಳ್ಳೆಯದೆ? ನೀವು ಓದಿದ ಸನ್ನೆಕೋಲಿನ ನಿಯಮವನ್ನು ನೆನಪಿಸಿಕೊಳ್ಳಿ. 4 ಮೀಟರ್ ಕೋಲಿನ ತುದಿಯಲ್ಲಿ 500 ಗ್ರಾಂ ಕ್ಯಾಮರಾ ಇದೆ ಎನ್ನೋಣ. ಒಂದು ಕೈ ಹಿಂತುದಿಯಲ್ಲಿ, ಇನ್ನೊಂದು ಅದಕ್ಕಿಂತ ಅರ್ಧ ಮೀಟರ್ ಮುಂದೆ. ಕೋಲಿನ ತೂಕವನ್ನು ಬಿಟ್ಟರೂ ಹಿಂಗೈ ಮೂರೂವರೆ ಕಿಲೋ ಭಾರಕ್ಕೆ ಸಮನಾದ ಬಲದಿಂದ ಕೆಳಗೊತ್ತಬೇಕು. ಕೈ ದಣಿದರೆ ಚಿತ್ರ ನಡುಗುತ್ತದೆ. ಮಣ್ಣಲ್ಲಿ ಹೂತ ಸಿಡಿಗುಂಡು ಕ್ಯಾಮರಾಕ್ಕೆ ಕಾಣದು. ಪರದೆಯಲ್ಲೇ ಕಣ್ಣಿಟ್ಟವನನ್ನು ಕಾಯಲು ಜೊತೆಗಾರನೂ ಬೇಕು.

ಇದೇ ತತ್ವ ಶಾಂತಿಕಾಲದಲ್ಲೂ ಜೀವ ಉಳಿಸುತ್ತದೆ. 2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು ಸಿಕ್ಕಿಬಿದ್ದರು. ಅವಶೇಷಗಳ ನಡುವೆ ತೂರಿಸಿದ 6 ಅಂಗುಲದ ಕೊಳವೆಯೊಳಗೆ ಕಳಿಸಿದ ಬಾಗುವ ಕ್ಯಾಮರಾ, 21ರಂದು ಅವರ ಮುಖಗಳನ್ನು ಹೊರಜಗತ್ತಿಗೆ ತೋರಿಸಿತು. 28ರಂದು ಎಲ್ಲರೂ ಹೊರಬಂದರು. ಮನುಷ್ಯ ಹೋಗಬಾರದ, ಹೋಗಲಾಗದ ಕಡೆಗೆ ಮೊದಲು ಅವನ ನೋಟವನ್ನಷ್ಟೇ ಕಳಿಸುವುದು: ಈ ಸಾಧನದ ಸಾರ ಇಷ್ಟೇ.